ಕ್ಯಾಮೆರಾ ಹಿಡಿದವನೂ ಮೇಜಿಗೆ ಬರಲಿ: ಅಡುಗೆ ವಿಡಿಯೊಗೆ ನಾವೇ ಕಟ್ಟಿದ ಸ್ಟ್ಯಾಂಡ್

ನಾವು ನಾಲ್ಕು ಜನ ಗೆಳೆಯರು ಸೇರಿ ಅಡುಗೆ ವಿಡಿಯೊ ಮಾಡುತ್ತೇವೆ. ನಮ್ಮ ವಿಡಿಯೊಗಳ ಜೀವ ಇರುವುದು ಮಾತಿನಲ್ಲಿ, ಒಬ್ಬರ ಕಾಲು ಒಬ್ಬರು ಎಳೆಯುವುದರಲ್ಲಿ. ಒಬ್ಬಳು ಹಿಟ್ಟು ಕಲಸುತ್ತಿದ್ದರೆ ಇನ್ನೊಬ್ಬ ಬಂದು ಉಪ್ಪು ಸಾಲದು ಅನ್ನುತ್ತಾನೆ, ಮತ್ತೊಬ್ಬಳು ಜಾಸ್ತಿಯಾಯಿತು ಅನ್ನುತ್ತಾಳೆ. ಆದರೆ ಫೋನನ್ನು ಕೈಯಲ್ಲಿ ಹಿಡಿದು ಶೂಟ್ ಮಾಡುವಾಗ ನಾಲ್ಕನೆಯವನು ಯಾವಾಗಲೂ ಚಿತ್ರದ ಹೊರಗೆ. ಅವನು ನಕ್ಕರೆ ಫ್ರೇಮ್ ಅಲುಗಾಡುತ್ತದೆ, ಹಾಗಾಗಿ ನಗು ತಡೆದುಕೊಂಡು ನಿಲ್ಲಬೇಕು. ನಮ್ಮಲ್ಲಿ ಕ್ಯಾಮೆರಾ ಚೆನ್ನಾಗಿ ಗೊತ್ತಿರುವವನೇ ಮಾತಿನಲ್ಲೂ ಎತ್ತಿದ ಕೈ. ಅವನು ಸುಮ್ನೆ ನಿಂತಷ್ಟು ಹೊತ್ತೂ ವಿಡಿಯೊಗೆ ನಷ್ಟ.

ಆದ್ದರಿಂದ ಈ ಕೆಲಸಕ್ಕೆ ಇಟ್ಟುಕೊಂಡ ಗುರಿ ಒಂದೇ: ಶೂಟ್ ನಡೆಯುವಾಗ ಯಾರ ಕೈಯೂ ಕ್ಯಾಮೆರಾ ಮೇಲೆ ಇರಬಾರದು. ಕ್ಯಾಮೆರಾ, ಲೈಟ್, ಮೈಕ್ ಮೂರೂ ತಮ್ಮ ಪಾಡಿಗೆ ತಾವು ಕೆಲಸ ಮಾಡಬೇಕು, ನಾಲ್ಕೂ ಜನ ಮೇಜಿನ ಹತ್ತಿರ ಇರಬೇಕು. ಮುಂದೆ ಬರುವ ಪ್ರತಿ ಅಳತೆಯೂ ಪ್ರತಿ ಬೋಲ್ಟೂ ಈ ಗುರಿಗಾಗಿಯೇ.

ಚೌಕಟ್ಟು

ಮೇಜನ್ನು ನೇರ ಮೇಲಿನಿಂದ ನೋಡುವ ಕ್ಯಾಮೆರಾ ಬೇಕಿತ್ತು. ಅಡುಗೆ ಕಲಿಸುವ ತರಗತಿಗಳಲ್ಲಿ ಮೇಜಿನ ಮೇಲೆ ಓರೆಯಾಗಿ ಕನ್ನಡಿ ತೂಗುಹಾಕುವುದು ಹಳೆಯ ಕ್ರಮ. ಪಾತ್ರೆಯೊಳಗೆ ಏನಾಗುತ್ತಿದೆ ಅಂತ ಹಿಂದಿನ ಸಾಲಿನವರಿಗೂ ಕಾಣಲಿ ಅಂತ. ನಮ್ಮ ಕ್ಯಾಮೆರಾ ಆ ಕನ್ನಡಿಯ ಜಾಗದಲ್ಲಿ ಕೂರುತ್ತದೆ.

ಅಂಗಡಿಗಳಲ್ಲಿ ಸಿಗುವ ಹೆಚ್ಚಿನ ಸ್ಟ್ಯಾಂಡ್‌ಗಳಿಗೆ ಒಂದೇ ಕಾಲು, ಅದರಿಂದ ಮೇಜಿನ ಮೇಲಕ್ಕೆ ಚಾಚಿದ ಒಂದು ತೋಳು. ಚಿಕ್ಕ ಮೇಜಿಗೆ ಅದು ಸಾಕು. ಉದ್ದ ಮೇಜಿಗೆ ಒಗ್ಗುವುದಿಲ್ಲ. ಒಂದೇ ತುದಿಯಲ್ಲಿ ಹಿಡಿದ ಕೋಲಿನ ಉದ್ದ ಎರಡು ಪಟ್ಟಾದರೆ, ತುದಿಯ ತೂಕ ಅಷ್ಟೇ ಇದ್ದರೂ ಅದು ಬಾಗುವುದು ಎಂಟು ಪಟ್ಟು. ಅದೇ ಉದ್ದದ ಅದೇ ಪೈಪಿಗೆ ಎರಡೂ ತುದಿಯಲ್ಲಿ ಆಸರೆ ಕೊಟ್ಟು ನಟ್ಟನಡುವೆ ತೂಕ ಕಟ್ಟಿದರೆ ಬಾಗುವುದು ಹದಿನಾರನೇ ಒಂದು ಪಾಲು ಮಾತ್ರ. ಈ ಲೆಕ್ಕ ನೋಡಿದ ಮೇಲೆ ಬೇರೆ ಯೋಚನೆ ಬರಲಿಲ್ಲ. ಎರಡು ಕಂಬ, ಮೇಲೊಂದು ಅಡ್ಡ ಪೈಪ್. ಫುಟ್‌ಬಾಲ್ ಗೋಲ್‌ಪೋಸ್ಟ್ ಹಾಗೆ.

ಮೇಜಿನ ಅಗಲ 120 ಸೆಂ.ಮೀ. ಕಂಬಗಳ ನಡುವೆ 160 ಸೆಂ.ಮೀ. ಬಿಟ್ಟೆವು, ಎರಡೂ ಕಡೆ ಮೇಜಿಗೂ ಕಂಬಕ್ಕೂ ನಡುವೆ ಸ್ವಲ್ಪ ಜಾಗ ಉಳಿಯಲಿ ಅಂತ. ಕಂಬದ ಎತ್ತರ 2 ಮೀಟರ್.

ಪೈಪ್ ಯಾವುದು ಅನ್ನುವುದಕ್ಕೆ ಸ್ವಲ್ಪ ವಾದ ನಡೆಯಿತು. ಪಿವಿಸಿ ಹಗುರ, ಗರಗಸದಿಂದ ಸುಲಭವಾಗಿ ಕತ್ತರಿಸಬಹುದು, ಎಲ್ಬೋ, ಟೀ ಎಲ್ಲ ಹಾಗೇ ಸಿಗುತ್ತವೆ. ಆದರೆ 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪಿವಿಸಿ ಬಿಗಿ ಕಳೆದುಕೊಳ್ಳುತ್ತಾ ಹೋಗುತ್ತದೆ. ಒಲೆಯಿಂದ ಏಳುವ ಬಿಸಿಗಾಳಿ ಹೊತ್ತುಹೊತ್ತು ಅದಕ್ಕೆ ತಾಗುವಾಗ ನಾನು ನಂಬಲಾರೆ. ಕೆಳಗೆ ಎಣ್ಣೆ ಕಾಯುತ್ತಿರುತ್ತದೆ, ಅಲ್ವಾ? ಹಾಗಾಗಿ ಕಂಬಗಳಿಗೆ ಕಬ್ಬಿಣದ ಪೈಪ್, ಅಡ್ಡಕ್ಕೆ 40 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪೈಪ್. ಬಾಗದೆ ನಿಲ್ಲುವುದರಲ್ಲಿ ಅಲ್ಯೂಮಿನಿಯಂಗಿಂತ ಉಕ್ಕು ಸುಮಾರು ಮೂರು ಪಟ್ಟು ಗಟ್ಟಿ ನಿಜ, ತೂಕವೂ ಹೆಚ್ಚುಕಡಿಮೆ ಅಷ್ಟೇ ಪಟ್ಟು. ಭಾರ ಕೆಳಗಿರಬೇಕು, ತಲೆ ಮೇಲೆ ಬೇಡ. ಪೈಪಿನ ಸುತ್ತಳತೆ ಹೆಚ್ಚಿಸಿಕೊಂಡರೆ ಅಲ್ಯೂಮಿನಿಯಂ ಕೂಡ ಬಾಗದೆ ನಿಲ್ಲುತ್ತದೆ.

ಕಂಬದ ಬುಡಕ್ಕೆ 60 ಸೆಂ.ಮೀ. ಉದ್ದದ ದಪ್ಪ ಮರದ ಹಲಗೆ, ಅದರ ಮೇಲೆ ಪೈಪ್ ಕೂರಿಸುವ ಲೋಹದ ಬಿಲ್ಲೆ (ಫ್ಲಾಂಜ್), ನಾಲ್ಕು ಬೋಲ್ಟ್. ಹಲಗೆಯ ಎರಡೂ ತುದಿಗೆ ಮರಳಿನ ಚೀಲ. ಹಲಗೆ ಅಡಿಗೆ ರಬ್ಬರ್ ಹಾಳೆ ಅಂಟಿಸಿದೆವು.

ನಿಲ್ಲಿಸಿದ ಮೇಲೆ ಮುಂದೆ ಹಿಂದೆ ಗಟ್ಟಿಯಾಗಿತ್ತು, ಎಡಕ್ಕೂ ಬಲಕ್ಕೂ ಮಾತ್ರ ಓಲಾಡುತ್ತಿತ್ತು. ಚೌಕಾಕಾರಕ್ಕೆ ಇದು ಹುಟ್ಟುಗುಣ. ನಾಲ್ಕು ಮೂಲೆಯ ಆಕಾರ ಒತ್ತಿದರೆ ವಾಲುತ್ತದೆ, ಮೂರು ಮೂಲೆಯದು ವಾಲುವುದಿಲ್ಲ. ಮೇಲಿನ ಎರಡೂ ಮೂಲೆಗೆ ಓರೆಯಾಗಿ 30 ಸೆಂ.ಮೀ. ಉದ್ದದ ಕಬ್ಬಿಣದ ಪಟ್ಟಿ ಬಿಗಿದೆವು. ಓಲಾಟ ನಿಂತಿತು. ಇಡೀ ಕೆಲಸದಲ್ಲಿ ಇಷ್ಟು ಕಡಿಮೆ ಸಾಮಾನಿಗೆ ಇಷ್ಟು ದೊಡ್ಡ ಫಲ ಕೊಟ್ಟದ್ದು ಇನ್ನೊಂದಿಲ್ಲ.

ಚೌಕಟ್ಟು ಮೇಜಿಗೆ ಎಲ್ಲೂ ತಾಗಬಾರದು. ಇದನ್ನು ದಪ್ಪ ಅಕ್ಷರದಲ್ಲಿ ಬರೆದಂತೆ ಓದಿಕೊಳ್ಳಿ. ಮೇಜಿನ ಅಂಚಿಗೆ ಕಚ್ಚಿಸುವ ಸ್ಟ್ಯಾಂಡ್‌ಗಳಲ್ಲಿ ಚಾಕುವಿನ ಪ್ರತಿ ಏಟೂ ಕ್ಯಾಮೆರಾಕ್ಕೆ ಏರುತ್ತದೆ. ನಮ್ಮ ಗುಂಪಿನಲ್ಲಿ ಹೆಚ್ಚುವ ಕೆಲಸ ಮಾಡುವವಳ ಕೈ ಬಲು ಜೋರು, ಜತೆಗೆ ಮಾತಿಗೊಮ್ಮೆ ಮೇಜು ಕುಟ್ಟುವವನೊಬ್ಬ ಇದ್ದಾನೆ. ಅವರಿಬ್ಬರನ್ನೂ 'ಮೆಲ್ಲಗೆ, ಮೆಲ್ಲಗೆ' ಅಂತ ತಡೆಯುತ್ತಾ ಕೂತರೆ ವಿಡಿಯೊದ ಕಳೆಯೇ ಹೋಗುತ್ತದೆ. ಚೌಕಟ್ಟು ನೆಲದ ಮೇಲೆ ಸ್ವಂತ ಕಾಲಲ್ಲಿ ನಿಂತರೆ ಯಾರನ್ನೂ ತಡೆಯಬೇಕಿಲ್ಲ.

ಅಡ್ಡ ಪೈಪಿಗೆ ಜಾರಿಸಿ ಬಿಗಿಯಬಹುದಾದ ಕ್ಲಾಂಪ್, ಅದರ ಕೆಳಗೆ ಯಾವ ಕಡೆಗೂ ತಿರುಗಿಸಿ ಬಿಗಿಯಬಹುದಾದ ಬಾಲ್ ಹೆಡ್, ಅದಕ್ಕೆ ಫೋನ್ ಹಿಡಿಕೆ. ಟ್ರೈಪಾಡ್ ಸ್ಕ್ರೂ ಎಲ್ಲ ಕಡೆ ಒಂದೇ ಅಳತೆ: ಕಾಲು ಇಂಚು ದಪ್ಪ, ಇಂಚಿಗೆ 20 ಸುತ್ತು. ದೊಡ್ಡ ಕ್ಯಾಮೆರಾ ಸಾಮಾನಿಗೆ ಮುಕ್ಕಾಲಿನ ಅರ್ಧ, ಅಂದರೆ 3/8 ಇಂಚು, 16 ಸುತ್ತು. ನಡುವೆ ಸೇರಿಸುವ ಚಿಕ್ಕ ಹಿತ್ತಾಳೆ ಬುಷ್ ಸಿಗುತ್ತದೆ, ಎರಡು ತಂದಿಟ್ಟುಕೊಳ್ಳಿ. ಕಳೆದುಹೋಗುವ ವಸ್ತು ಅದು.

ಕ್ಲಾಂಪ್ ಎಷ್ಟೇ ಬಿಗಿ ಇರಲಿ, ಫೋನ್ ಹಿಡಿಕೆಯಿಂದ ಅಡ್ಡ ಪೈಪಿಗೆ ಬೇರೆಯದೇ ಒಂದು ಉಕ್ಕಿನ ತಂತಿಯ ಕುಣಿಕೆ ಹಾಕಿದೆವು. ಲೈಟಿಗೂ ಹಾಗೇ. ತಲೆ ಮೇಲೆ, ಒಲೆ ಮೇಲೆ ತೂಗುವ ಯಾವುದಕ್ಕೂ ಎರಡು ಹಿಡಿತ ಇರಲೇಬೇಕು. ಒಂದು ಜಾರಿದರೆ ಇನ್ನೊಂದು ಹಿಡಿಯಬೇಕು. ಕಾದ ಎಣ್ಣೆಗೆ ಫೋನ್ ಬಿದ್ದರೆ ಹೋಗುವುದು ಫೋನ್ ಒಂದೇ ಅಲ್ಲ, ಸುತ್ತ ನಿಂತವರ ಮೈಮೇಲೆ ಎಣ್ಣೆ ಸಿಡಿಯುತ್ತದೆ.

ಎತ್ತರ, ನಡು, ಟೇಪು

ಫೋನಿನ ಮುಖ್ಯ ಲೆನ್ಸ್‌ನಲ್ಲಿ 120 ಸೆಂ.ಮೀ. ಮೇಜು ಪೂರ್ತಿ ಬರಲು ಹೆಚ್ಚುಕಡಿಮೆ 1 ಮೀಟರ್ ಮೇಲೆ ಇಡಬೇಕಾಯಿತು. ತೀರಾ ಅಗಲ ನೋಡುವ ಇನ್ನೊಂದು ಲೆನ್ಸ್ ಬಳಸಿದರೆ ಇನ್ನೂ ಕೆಳಗೆ ಇಡಬಹುದು, ಆದರೆ ಅಂಚಿನಲ್ಲಿರುವ ಎತ್ತರದ ಪಾತ್ರೆಗಳು ಹೊರಕ್ಕೆ ಎಳೆದುಕೊಂಡು ವಾಲಿದಂತೆ ಕಾಣುತ್ತವೆ. ಅಲುಗಾಟ ತಗ್ಗಿಸುವ ಸ್ಟೆಬಿಲೈಸೇಶನ್ ಆಫ್ ಮಾಡಿ. ನಿಂತಲ್ಲೇ ನಿಂತ ಕ್ಯಾಮೆರಾಕ್ಕೆ ಅದು ಬೇಡ, ಸುಮ್ನೆ ಚಿತ್ರದ ಅಂಚು ಕತ್ತರಿಸುತ್ತದೆ.

ಲೆನ್ಸ್‌ನ ನೇರ ಕೆಳಗೆ ಮೇಜಿನ ಯಾವ ಬಿಂದು ಬರುತ್ತದೆ ಅಂತ ತಿಳಿಯಲು ದಾರಕ್ಕೊಂದು ನಟ್ ಕಟ್ಟಿ ಇಳಿಬಿಟ್ಟೆವು. ನಟ್ ತೂಗಾಡುವುದು ನಿಂತಲ್ಲಿ ಟೇಪಿನಿಂದ ಗುರುತು. ಕ್ಯಾಮೆರಾ ಓರೆಯಾಗಿದೆಯೋ ನೋಡಲು ಚೌಕದ ದೊಡ್ಡ ಟ್ರೇ ಒಂದನ್ನು ಆ ಗುರುತಿನ ಮೇಲಿಟ್ಟು, ಅದರ ಎದುರುಬದುರು ಅಂಚುಗಳು ಪರದೆಯಲ್ಲಿ ಸಮನಾಗಿ ಬರುವವರೆಗೆ ಬಾಲ್ ಹೆಡ್ ತಿರುಗಿಸಿದೆವು. ಒಂದು ಕಡೆ ಅಗಲ, ಒಂದು ಕಡೆ ಕಿರಿದು ಕಂಡರೆ ಇನ್ನೂ ವಾಲಿದೆ ಅಂತ ಅರ್ಥ.

ಇಲ್ಲಿ ಒಂದು ಲೆಕ್ಕ ಬಹಳ ಉಪಯೋಗಕ್ಕೆ ಬಂತು. ಅಡ್ಡ ವಿಡಿಯೊ ಬೇಕು, ಫೋನನ್ನು ನೆಟ್ಟಗೆ ಹಿಡಿದು ನೋಡುವವರಿಗೆ ಉದ್ದಕ್ಕೆ ನಿಂತ ವಿಡಿಯೊವೂ ಬೇಕು. ಎರಡು ಸಲ ಅಡುಗೆ ಮಾಡಲಾಗುವುದಿಲ್ಲ, ಅದೇ ನಗು ಎರಡು ಸಲ ಬರುವುದೂ ಇಲ್ಲ. 4ಕೆ ಅಂದರೆ 3840 ಪಿಕ್ಸೆಲ್ ಅಡ್ಡ, 2160 ಪಿಕ್ಸೆಲ್ ಉದ್ದ. ಅದರ ನಡುವಿನಿಂದ 9:16 ಪಟ್ಟಿ ಕತ್ತರಿಸಿದರೆ 1215 ಅಡ್ಡ, 2160 ಉದ್ದ ಸಿಗುತ್ತದೆ. ಉದ್ದ ವಿಡಿಯೊಗೆ ಬೇಕಿರುವುದು 1080 ಅಡ್ಡ, 1920 ಉದ್ದ. ಅಂದರೆ ಒಂದೇ ಶೂಟಿನಿಂದ ಎರಡೂ ಹೊರಡುತ್ತವೆ, ಸ್ವಲ್ಪ ಉಳಿತಾಯವೂ ಇದೆ. ಆ ಪಟ್ಟಿ ನಮ್ಮ ಮೇಜಿನ ಮೇಲೆ 38 ಸೆಂ.ಮೀ. ಅಗಲಕ್ಕೆ ಬರುತ್ತದೆ. ಅದರ ಎರಡೂ ಅಂಚಿಗೆ ಮೇಜಿನ ಬಣ್ಣದ್ದೇ ಟೇಪ್ ಅಂಟಿಸಿದೆವು. ಮುಖ್ಯವಾದುದೆಲ್ಲ ಟೇಪಿನ ಒಳಗೆ: ಬಾಣಲೆ, ಹೆಚ್ಚುವ ಮಣೆ, ಕಲಸುವ ಬಟ್ಟಲು. ಟೇಪಿನ ಹೊರಗೆ ಬಟ್ಟಲು, ಸಿಪ್ಪೆ, ಬೇರೆಯವರ ಮೊಣಕೈ ಏನಾದರೂ ಇರಲಿ.

ಮುಖ ಕಾಣಬೇಕು

ಮೇಲಿನ ಕ್ಯಾಮೆರಾಕ್ಕೆ ಕಾಣುವುದು ಕೈಗಳು, ನೆತ್ತಿಗಳು. ನಗು ಮುಖದಲ್ಲಿದೆ. ಎರಡನೇ ಫೋನನ್ನು ಮೇಜಿನ ಎದುರಿಗೆ, ನಿಂತವರ ಎದೆಮಟ್ಟದಲ್ಲಿ ಟ್ರೈಪಾಡ್ ಮೇಲೆ ಇಟ್ಟೆವು. ನಾಲ್ಕೂ ಜನ ಬರುವಷ್ಟು ದೂರ. ಇದು ಸುಲಭದ ಭಾಗ.

ಕಷ್ಟ ಬಂದದ್ದು ಎರಡನ್ನೂ ಸೇರಿಸುವಾಗ. ಎದುರಿನ ಕ್ಯಾಮೆರಾದಲ್ಲಿ ಅಡುಗೆ ಮಾಡುವವಳ ಬಲಗೈ ಪರದೆಯ ಎಡಕ್ಕೆ ಕಾಣುತ್ತದೆ. ಮೇಲಿನ ಕ್ಯಾಮೆರಾವನ್ನು ಅವಳ ಕಣ್ಣಿನಂತೆ ತಿರುಗಿಸಿಟ್ಟರೆ, ಅಂದರೆ ಕೈಗಳು ಪರದೆಯ ಕೆಳಗಿನಿಂದ ಬರುವಂತೆ ಇಟ್ಟರೆ, ಅದೇ ಬಲಗೈ ಬಲಕ್ಕೆ ಕಾಣುತ್ತದೆ. ಒಂದು ಶಾಟಿನಿಂದ ಇನ್ನೊಂದಕ್ಕೆ ಹೋದ ಕೂಡಲೇ ಸೌಟು ಆ ಕಡೆಯಿಂದ ಈ ಕಡೆಗೆ ಹಾರುತ್ತದೆ. ನೋಡುವವರಿಗೆ ಏನು ತಪ್ಪಿದೆ ಅಂತ ಹೇಳಲು ಬರುವುದಿಲ್ಲ, ಆದರೂ ಒಂದು ಕ್ಷಣ ಗಲಿಬಿಲಿ. ತಮಾಷೆಗೆ ಆ ಒಂದು ಕ್ಷಣವೇ ಕಂಟಕ. ಮಾತು ಕಿವಿಗೆ ಬೀಳುವಾಗ ಕಣ್ಣು ಸೌಟನ್ನು ಹುಡುಕುತ್ತಿರುತ್ತದೆ.

ನಾವು ಮೇಲಿನ ಫೋನನ್ನು ಕೈಗಳು ಪರದೆಯ ಮೇಲ್ಗಡೆಯಿಂದ ಬರುವಂತೆ ತಿರುಗಿಸಿದೆವು. ಆಗ ಎರಡೂ ಕ್ಯಾಮೆರಾಗಳಲ್ಲಿ ಎಡ ಎಡವೇ, ಬಲ ಬಲವೇ. ನೋಡುವವರು ಮೇಜಿನ ಈಚೆ ಕಡೆ ನಮ್ಮ ಎದುರು ನಿಂತಂತೆ ಆಗುತ್ತದೆ. ಕೈಕೆಲಸ ಕಲಿಸುವ ವಿಡಿಯೊಗೆ ಅಡುಗೆಯವಳ ಕಣ್ಣಿನ ನೋಟವೇ ಒಳ್ಳೆಯದು, ಅದರಲ್ಲಿ ಅನುಮಾನವಿಲ್ಲ. ಬರೀ ಕೈಗಳಿರುವ ಉದ್ದದ ಚಿಕ್ಕ ವಿಡಿಯೊಗಳಲ್ಲಿ ನಾವೂ ಚಿತ್ರವನ್ನು ಎಡಿಟಿಂಗ್‌ನಲ್ಲಿ 180 ಡಿಗ್ರಿ ತಿರುಗಿಸುತ್ತೇವೆ. ಮಾತುಕತೆಯ ವಿಡಿಯೊದಲ್ಲಿ ತಿರುಗಿಸುವುದಿಲ್ಲ.

ಇನ್ನೊಂದು ಸಂಗತಿ. ಮೇಲಿನ ಫೋನಿನಲ್ಲಿ ಏನು ಬರುತ್ತಿದೆ ಅಂತ ನೋಡಲು ಪಕ್ಕದಲ್ಲೊಂದು ಟ್ಯಾಬ್ ಇಟ್ಟಿದ್ದೆವು. ಎಲ್ಲರ ಕಣ್ಣೂ ಅದಕ್ಕೇ ಅಂಟಿಕೊಂಡವು. ಮಾತಾಡುವವನು ಟ್ಯಾಬ್ ನೋಡಿಕೊಂಡು ಮಾತಾಡುತ್ತಾನೆ, ಕೇಳುವವಳು ಟ್ಯಾಬ್ ನೋಡಿ ನಗುತ್ತಾಳೆ. ಟ್ಯಾಬನ್ನು ಗೋಡೆಯ ಕಡೆ ತಿರುಗಿಸಿಟ್ಟ ಮೇಲೆ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಈಗ ಶುರುವಿನಲ್ಲಿ ಒಮ್ಮೆ ನೋಡುವುದು, ಆಮೇಲೆ ತಿರುಗಿಸಿಬಿಡುವುದು. ಟೇಪಿನ ಗುರುತು ಇರುವಾಗ ಪರದೆ ನೋಡುವ ಅಗತ್ಯ ಇಲ್ಲ.

ಈರುಳ್ಳಿ ಹೇಳಿದ ಪಾಠ

ಬಣ್ಣದ ಪರೀಕ್ಷೆಗೆ ಈರುಳ್ಳಿ ಹುರಿದೆವು. ಸಣ್ಣಗೆ ಹೆಚ್ಚಿದ ಈರುಳ್ಳಿ, ಎಣ್ಣೆ, ಚಿಟಿಕೆ ಉಪ್ಪು, ಸಣ್ಣ ಉರಿ. ಮೇಲಿನ ಫೋನ್ ಎಲ್ಲವೂ ಆಟೊ. ಕಣ್ಣೆದುರಿಗೆ ಈರುಳ್ಳಿ ಬಿಳಿಯಿಂದ ಗಾಜಿನಂತಾಯಿತು, ಅಂಚು ಹಳದಿಗೆ ತಿರುಗಿತು, ಆಮೇಲೆ ಚಿನ್ನದ ಬಣ್ಣ, ಕೊನೆಗೆ ಕಂದು. ವಿಡಿಯೊ ನೋಡಿದರೆ ಈ ನಡಿಗೆ ಅರ್ಧಕ್ಕರ್ಧ ಮಾಯ. ಕಂದು ಅನ್ನುವುದು ಬೂದಿ ಬೆರೆಸಿದ ಹಾಗೆ ಸಪ್ಪೆ.

ಕಾರಣ ಸರಳ. ಬಾಣಲೆ ಫ್ರೇಮಿನ ದೊಡ್ಡ ಪಾಲನ್ನು ತುಂಬಿಕೊಂಡಿದೆ. ಅದು ಹಳದಿ ಆಗುತ್ತಾ ಹೋದಂತೆ ಆಟೊ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವ ಏರ್ಪಾಡು) ಅದನ್ನು ಬೆಳಕಿನ ಬಣ್ಣ ಅಂತ ತಿಳಿದು ನೀಲಿ ಬೆರೆಸುತ್ತದೆ. ಈರುಳ್ಳಿ ಕಪ್ಪಾಗುತ್ತಾ ಹೋದಂತೆ ಆಟೊ ಎಕ್ಸ್‌ಪೋಶರ್ ಅದನ್ನು ಕತ್ತಲು ಅಂತ ತಿಳಿದು ಬೆಳಗಿಸುತ್ತದೆ. ಒಲೆ ಮಾಡಿದ ಕೆಲಸವನ್ನು ಕ್ಯಾಮೆರಾ ಅಳಿಸುತ್ತಿತ್ತು. ಅಡುಗೆಯಲ್ಲಿ ನಡೆಯುವುದೇ ಬಣ್ಣದ ಬದಲಾವಣೆ. ಅದನ್ನು ಸರಿಪಡಿಸಲು ಹೊರಟ ಕ್ಯಾಮೆರಾ ಅಡುಗೆಯನ್ನೇ ಮುಚ್ಚಿಡುತ್ತದೆ. ಎದುರಿನ ಫೋನಿಗೆ ಅದೇ ಹೊತ್ತಿನಲ್ಲಿ ಬೇರೆಯದೇ ಲೆಕ್ಕ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಲಾಕ್ ಮಾಡಬಹುದಾದ ಕ್ಯಾಮೆರಾ ಆ್ಯಪ್ ಹಾಕಿಕೊಂಡು ನಾಲ್ಕನ್ನೂ ಕೈಯಾರೆ ನಿಲ್ಲಿಸಿದೆವು: ವೈಟ್ ಬ್ಯಾಲೆನ್ಸ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ), ಶಟರ್ (ಪ್ರತಿ ಫ್ರೇಮಿಗೆ ಬೆಳಕು ಒಳಗೆ ಬಿಡುವ ಹೊತ್ತು), ಫೋಕಸ್. ವೈಟ್ ಬ್ಯಾಲೆನ್ಸ್‌ಗೆ ಮೇಜಿನ ನಡುವೆ ಬಿಳಿ ಹಾಳೆಯಿಟ್ಟು ಎರಡೂ ಫೋನಿಗೆ ಒಂದೇ ಅಂಕಿ ಕೊಟ್ಟೆವು. ಫೋಕಸ್ ಲಾಕ್ ಆಗದಿದ್ದರೆ ಬಾಣಲೆ ಮೇಲೆ ಆಡುವ ಕೈಯನ್ನು ಲೆನ್ಸ್ ಹಿಂಬಾಲಿಸಿ ಈರುಳ್ಳಿಯನ್ನು ಮಸುಕು ಮಾಡುತ್ತದೆ. ಲಾಕ್ ಆದ ಮೇಲೆ ತೆಗೆದ ಶಾಟಿನಲ್ಲಿ ಕಂದು ಕಂದಾಗಿಯೇ ಬಂತು, ತಳ ಹಿಡಿಯುವ ಮುಂಚಿನ ಆ ಒಂದು ಹೊಳಪು ಸಹಿತ.

ಶಟರ್‌ಗೆ ಇನ್ನೊಂದು ಕಟ್ಟುಪಾಡಿದೆ. ಮನೆಯ ಕರೆಂಟ್ 50 ಹರ್ಟ್ಸ್ ಇರುವ ಕಡೆ ಬಲ್ಬುಗಳು ಸೆಕೆಂಡಿಗೆ 100 ಸಲ ಮಿಡಿಯುತ್ತವೆ. ಅಲ್ಲಿ ಶಟರ್ 1/50 ಅಥವಾ 1/100 ಸೆಕೆಂಡ್. 60 ಹರ್ಟ್ಸ್ ಇರುವ ಕಡೆ 1/60 ಅಥವಾ 1/120. ಇದು ತಪ್ಪಿದರೆ ಚಿತ್ರದ ಮೇಲೆ ಅಡ್ಡ ಪಟ್ಟೆಗಳು ಉರುಳುತ್ತವೆ. ನಮ್ಮ ಲೈಟ್ ಒಳ್ಳೆಯದು ಅಂದುಕೊಂಡರೂ ಹಿಂದೆ ಉರಿಯುವ ಅಡುಗೆಮನೆ ಬಲ್ಬ್, ಚಿಮಣಿಯ ಚಿಕ್ಕ ಬಲ್ಬ್ ಸಾಕು ಪಟ್ಟೆ ತರಲು.

ಬೆಳಕು

ಎಲ್ಇಡಿ ಪ್ಯಾನಲ್ ಕೊಳ್ಳುವಾಗ ಸಿಆರ್‌ಐ ಅಂತ ಒಂದು ಅಂಕಿ ಬರೆದಿರುತ್ತಾರೆ, ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅಂತ ಹೇಳುವುದು. ನೂರಕ್ಕೆ ಎಷ್ಟು ಅಂತ. ಅಡುಗೆಗೆ ಅದೊಂದೇ ನೋಡಿದರೆ ಸಾಲದು. ಆ ಅಂಕಿ ಎಂಟು ತೆಳು ಬಣ್ಣಗಳ ಸರಾಸರಿ, ಕಡುಗೆಂಪು ಅದರಲ್ಲಿ ಸೇರಿಲ್ಲ. ಅದಕ್ಕೆ ಆರ್9 ಅಂತ ಬೇರೆ ಅಂಕಿ. ಸಿಆರ್‌ಐ ಚೆನ್ನಾಗಿದ್ದೂ ಆರ್9 ಕಡಿಮೆ ಇರುವ ಲೈಟಿನಲ್ಲಿ ಟೊಮೆಟೊ ಇಟ್ಟಿಗೆಯ ಬಣ್ಣಕ್ಕೆ ಇಳಿಯುತ್ತದೆ, ಮುಖಗಳು ಕಳೆಗುಂದುತ್ತವೆ. ಎರಡೂ ಅಂಕಿ ಹೇಳುವ ಲೈಟನ್ನೇ ಆರಿಸಿಕೊಳ್ಳಿ.

ಲೈಟನ್ನು ಅಡ್ಡ ಪೈಪಿಗೇ ಕ್ಯಾಮೆರಾ ಪಕ್ಕ ಕಟ್ಟುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಬೆಳಕು ಬಿದ್ದ ಕೋನದಲ್ಲೇ ವಾಪಸ್ ಚಿಮ್ಮುತ್ತದೆ. ಮೇಲಿನಿಂದ ಬಿದ್ದದ್ದು ಮೇಲಕ್ಕೇ, ಸೀದಾ ಲೆನ್ಸಿಗೆ. ಎಣ್ಣೆ, ಸಾರು, ಸ್ಟೀಲ್ ಪಾತ್ರೆ ಎಲ್ಲದರಲ್ಲೂ ಲೈಟಿನ ಬಿಳಿ ಚೌಕ ತೇಲುತ್ತದೆ. ಪೋಲರೈಸರ್ ಫಿಲ್ಟರ್ ಇದಕ್ಕೆ ಮದ್ದು ಅನ್ನುತ್ತಾರೆ. ಓರೆಯಾಗಿ ನೋಡುವ ಎದುರಿನ ಕ್ಯಾಮೆರಾಕ್ಕೆ ಅದು ನಿಜ. ನೀರಿನ ಮೇಲಿನ ಹೊಳಪಿಗೆ ನೆತ್ತಿಯ ನೇರದಿಂದ ಸುಮಾರು 53 ಡಿಗ್ರಿ ಓರೆಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನೇರ ಮೇಲಿನಿಂದ ನೋಡಿದರೆ ಏನೂ ಪ್ರಯೋಜನ ಇಲ್ಲ, ಬರಿ ಲೋಹದ ಹೊಳಪಿಗೆ ಯಾವ ಕೋನದಲ್ಲೂ ಇಲ್ಲ. ಜತೆಗೆ ಅರ್ಧಕ್ಕಿಂತ ಹೆಚ್ಚು ಬೆಳಕು ನುಂಗುತ್ತದೆ.

ಹಾಗಾಗಿ ದೊಡ್ಡ ಲೈಟನ್ನು ಅಡುಗೆ ಮಾಡುವವರ ಹಿಂದೆ, ಒಂದು ಪಕ್ಕಕ್ಕೆ, ತಲೆಗಿಂತ ಮೇಲೆ ನಿಲ್ಲಿಸಿದೆವು. ಮುಂದೆ 60ಕ್ಕೆ 90 ಸೆಂ.ಮೀ. ಮರದ ಚೌಕಟ್ಟಿಗೆ ಬಿಗಿದ ಬಿಳಿ ಬಟ್ಟೆ. ಬೆಳಕಿನ ಮೂಲ ದೊಡ್ಡದಾದಷ್ಟೂ, ಹತ್ತಿರ ಬಂದಷ್ಟೂ ನೆರಳು ಮೆದುವಾಗುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಇದೂ ನೆನಪಿರಲಿ. ಬಟ್ಟೆ ಒಲೆಯ ಉರಿಯಿಂದ ಚೆನ್ನಾಗಿ ದೂರ ಇರಬೇಕು. ಬಾಣಲೆಗೆ ಸರಿಯಾಗಿ ಕೂರುವ ಮುಚ್ಚಳ ಒಂದು ಸದಾ ಕೈಗೆ ಸಿಗುವಲ್ಲಿ ಇರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ಉರಿ ಆರಿಸಿ ಮುಚ್ಚಬೇಕು, ನೀರು ಹಾಕಲೇಬಾರದು. ನಾಲ್ಕು ಜನ ನಗುತ್ತಾ ಮಾತಾಡುವ ಅಡುಗೆಮನೆಯಲ್ಲಿ ಒಬ್ಬರ ಕಣ್ಣು ಯಾವಾಗಲೂ ಒಲೆಯ ಮೇಲಿರಬೇಕು. ಅದು ಯಾರು ಅಂತ ಶೂಟಿಗೆ ಮುಂಚೆಯೇ ಹೇಳಿಕೊಳ್ಳುತ್ತೇವೆ.

ಮುಖಗಳಿಗೆ ಎದುರಿನಿಂದ ಬಿಳಿ ಥರ್ಮೊಕೋಲ್ ಹಲಗೆ. ಹಿಂದಿನ ಬೆಳಕನ್ನೇ ಮುಖಕ್ಕೆ ತಿರುಗಿಸುತ್ತದೆ. ಇನ್ನೊಂದು ಲೈಟ್ ಬೇಕಾಗಲಿಲ್ಲ.

ಆವಿ

ಹಿಂದಿನಿಂದ ಬೆಳಕು ಬಂದರೆ ಆವಿ ಬೆಳ್ಳಗೆ ಎದ್ದು ಕಾಣುತ್ತದೆ, ಹಿಂದೆ ಕಪ್ಪು ಇದ್ದರೆ ಇನ್ನೂ ಚೆಂದ. ಎದುರಿನ ಕ್ಯಾಮೆರಾಕ್ಕೆ ಹಬ್ಬ. ಮೇಲಿನ ಕ್ಯಾಮೆರಾಕ್ಕೆ ಅದೇ ಆವಿ ಶತ್ರು. ನೀರು ಕುದಿಯಲು ಬಿಟ್ಟು ನೋಡಿದರೆ ಚಿತ್ರ ಮೊದಲು ಹಾಲು ಬೆರೆಸಿದಂತೆ ಮಸುಕಾಯಿತು, ಆಮೇಲೆ ಲೆನ್ಸ್ ಮೇಲೆ ಹನಿ ಕಟ್ಟಿತು. ತಣ್ಣಗಿನ ಗಾಜಿಗೆ ಬಿಸಿ ಆವಿ ತಾಗಿದರೆ ಇನ್ನೇನಾಗುತ್ತದೆ.

ಒಲೆಯನ್ನು ಕ್ಯಾಮೆರಾದ ನೇರ ಕೆಳಗಿನಿಂದ ಒಂದು ಗೇಣು ಮುಂದಕ್ಕೆ ಸರಿಸಿದೆವು. ಬಾಣಲೆ ಟೇಪಿನ ಒಳಗೇ ಉಳಿಯಿತು, ಆವಿಯ ಕಂಬ ಲೆನ್ಸನ್ನು ತಪ್ಪಿಸಿ ಏರಿತು. ಪೂರ್ತಿ ಅಲ್ಲ. ಆಮೇಲೆ ಕಂಬಕ್ಕೆ ಚಿಕ್ಕ ಕಂಪ್ಯೂಟರ್ ಫ್ಯಾನ್ ಒಂದನ್ನು ಕಟ್ಟಿ, ಲೆನ್ಸ್‌ನ ಸ್ವಲ್ಪ ಕೆಳಗೆ ಅಡ್ಡಕ್ಕೆ ಗಾಳಿ ಬೀಸುವಂತೆ ತಿರುಗಿಸಿದೆವು. ಗಾಳಿ ಉರಿಗೆ ತಾಗಬಾರದು, ಲೆನ್ಸಿಗೆ ಬರುವ ಆವಿಯನ್ನು ಪಕ್ಕಕ್ಕೆ ತಳ್ಳಿದರೆ ಸಾಕು. ನಿಧಾನವಾಗಿ ತಿರುಗಿಸಿದರೆ ಇದರ ಸದ್ದೂ ಮೈಕಿಗೆ ಬರುವುದಿಲ್ಲ. ಫೋನಿನ ಲೆನ್ಸ್ ಮುಂದೆ ತೆಳು ಗಾಜಿನ ಫಿಲ್ಟರ್ ಕ್ಲಿಪ್ ಹಾಕಿದೆವು. ಹುರಿಯುವಾಗ ಎಣ್ಣೆಯ ಸಣ್ಣ ಕಣಗಳು ಅಷ್ಟೆತ್ತರಕ್ಕೂ ಬರುತ್ತವೆ. ಫಿಲ್ಟರ್ ತೆಗೆದು ಸೋಪು ನೀರಲ್ಲಿ ತೊಳೆಯಬಹುದು, ಲೆನ್ಸನ್ನು ತೊಳೆಯಲಾಗುವುದಿಲ್ಲ.

ಸದ್ದು

ಚಿತ್ರ ಸ್ವಲ್ಪ ಮಂಕಾದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ನೋಡುವುದಿಲ್ಲ. ಗೆಳೆಯರ ಹರಟೆಯೇ ಬಂಡವಾಳವಾದ ವಿಡಿಯೊಗೆ ಇದು ಇನ್ನೂ ನಿಜ.

ನಾಲ್ವರಿಗೂ ಕಾಲರ್ ಮೈಕ್, ಗದ್ದದಿಂದ ಒಂದು ಗೇಣು ಕೆಳಗೆ. ಬಾಯಿಗೂ ಮೈಕಿಗೂ ಇರುವ ದೂರ ಅರ್ಧವಾದರೆ ಮಾತು 6 ಡೆಸಿಬೆಲ್ ಏರುತ್ತದೆ, ಕೋಣೆಯ ಗದ್ದಲ ಅಷ್ಟೇ ಇರುತ್ತದೆ. ಯಾವ ದುಬಾರಿ ಮೈಕೂ ಹತ್ತಿರವಿರುವ ಮೈಕಿಗೆ ಸಾಟಿಯಲ್ಲ. ಏಪ್ರನ್ ಮೈಕಿಗೆ ಉಜ್ಜುತ್ತದೆ, ಆದ್ದರಿಂದ ಮೈಕ್ ಏಪ್ರನ್ ಪಟ್ಟಿಯ ಮೇಲೇ.

ಹರಟೆಯ ರೆಕಾರ್ಡಿಂಗಿಗೆ ಒಂದು ವಿಶೇಷ ಕಷ್ಟವಿದೆ. ಮಾತಿನ ಮಟ್ಟಕ್ಕೆ ಹೊಂದಿಸಿಟ್ಟರೆ ನಗು ಒಡೆಯುತ್ತದೆ. ಒಳ್ಳೆಯ ನಗು ಯಾವತ್ತೂ ಹೇಳಿ ಬರುವುದಿಲ್ಲ, ಮಾತಿಗಿಂತ ಎಷ್ಟೋ ಪಾಲು ಜೋರಾಗಿರುತ್ತದೆ. ಡಿಜಿಟಲ್‌ನಲ್ಲಿ 0 ಡೆಸಿಬೆಲ್ ಮುಟ್ಟಿದ ಸದ್ದು ಹರಿದುಹೋಗುತ್ತದೆ, ಆಮೇಲೆ ಸೇರಿಸಲಾಗುವುದಿಲ್ಲ. ಹಾಗಾಗಿ ಮಾತಿನ ಏರು ಮೈನಸ್ 18 ಡೆಸಿಬೆಲ್ ಸುತ್ತ ನಿಲ್ಲುವಂತೆ ಇಟ್ಟೆವು. ಸೇಫ್ಟಿ ಟ್ರ್ಯಾಕ್ ಇರುವ ರೆಕಾರ್ಡರ್ ಆದ್ದರಿಂದ ಅದೇ ಸದ್ದಿನ ಇನ್ನೂ ತಗ್ಗಿದ ಪ್ರತಿಯೊಂದು ಜತೆಯಲ್ಲೇ ದಾಖಲಾಗುತ್ತದೆ. ಮಾತಿಗೆ ಮೊದಲನೆಯದು, ನಗು ಒಡೆದ ಕಡೆ ಎರಡನೆಯದು. ನಗುವಾಗ ಮೈಕ್ ನೆನಪಾಗಬಾರದು ಅನ್ನುವುದಕ್ಕೇ ಇಷ್ಟು ಏರ್ಪಾಡು.

ಈರುಳ್ಳಿ ಚುರ್ ಅನ್ನುವುದಕ್ಕೆ ಒಲೆಯ ಪಕ್ಕ ಬೇರೆಯೇ ಒಂದು ಮೈಕ್ ಇಟ್ಟೆವು. ಫ್ರಿಜ್ಜಿನ ಗುಂಯ್ ಸದ್ದು ತಡೆಯಲು ಅದನ್ನು ಆಫ್ ಮಾಡಿ, ಮನೆಯ ಬೀಗದಕೈಯನ್ನು ಫ್ರಿಜ್ ಒಳಗೇ ಇಡುತ್ತೇವೆ. ಹೊರಡುವವರು ಬೀಗದಕೈಗೆ ಬಾಗಿಲು ತೆಗೆಯಲೇಬೇಕು, ಆಗ ಆನ್ ಮಾಡುವುದು ಮರೆಯುವುದಿಲ್ಲ. ಸಿನಿಮಾ ಸೌಂಡ್ ಕೆಲಸದವರ ಹಳೆಯ ಉಪಾಯ ಇದು, ಬಲು ಇಷ್ಟವಾಯಿತು. ಎಕ್ಸಾಸ್ಟ್ ಫ್ಯಾನ್ ಮಾತ್ರ ಹುರಿಯುವಾಗ ಆಫ್ ಮಾಡುವುದಿಲ್ಲ. ಕೆಮ್ಮುತ್ತಾ ಕಣ್ಣೀರು ಸುರಿಸುತ್ತಾ ಹರಟೆ ಹೊಡೆಯಲಾಗುವುದಿಲ್ಲ.

ಎರಡು ಫೋನು, ಒಂದು ರೆಕಾರ್ಡರ್. ಎಲ್ಲ ಆನ್ ಆದ ಮೇಲೆ ಮೇಜಿನ ನಡುವೆ ಒಂದು ಚಪ್ಪಾಳೆ. ಎಡಿಟಿಂಗ್‌ನಲ್ಲಿ ಮೂರನ್ನೂ ಆ ಚಪ್ಪಾಳೆಗೆ ಹೊಂದಿಸುವುದು. ಆದರೂ ಶೂಟಿನ ಕೊನೆಗೆ ಬರುವಷ್ಟರಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ. ಫೋನ್‌ಗಳು ಸೆಕೆಂಡಿಗೆ ಇಷ್ಟೇ ಫ್ರೇಮ್ ಅಂತ ಕಟ್ಟುನಿಟ್ಟಾಗಿ ತೆಗೆಯುವುದಿಲ್ಲ, ಹೆಚ್ಚುಕಡಿಮೆ ಮಾಡುತ್ತಿರುತ್ತವೆ. ಎಡಿಟಿಂಗಿಗೆ ಹಾಕುವ ಮುಂಚೆ ಫೈಲನ್ನು ಸ್ಥಿರ ಫ್ರೇಮ್ ರೇಟಿಗೆ ಬದಲಿಸಿಕೊಂಡರೆ ಇದು ಸರಿಹೋಗುತ್ತದೆ. ರೆಕಾರ್ಡರ್ 48 ಕಿಲೋಹರ್ಟ್ಸ್‌ನಲ್ಲೇ ಇರಲಿ, ವಿಡಿಯೊ ಲೋಕದ ವಾಡಿಕೆ ಅದು. ಶೂಟ್ ಮುಗಿದಾಗಲೂ ಒಂದು ಚಪ್ಪಾಳೆ ತಟ್ಟಿ. ಎರಡು ತುದಿಯೂ ಹೊಂದಿದರೆ ನಡುವಿನದ್ದರ ಚಿಂತೆಯಿಲ್ಲ.

ನಾಲ್ಕೂ ಜನ

ಎಲ್ಲ ಕಟ್ಟಿ, ಲಾಕ್ ಮಾಡಿ, ಚಪ್ಪಾಳೆ ತಟ್ಟಿದ ಮೇಲೆ ಕ್ಯಾಮೆರಾದವನು ಅಭ್ಯಾಸಬಲದಿಂದ ಎದುರಿನ ಟ್ರೈಪಾಡ್ ಹಿಂದೆ ಹೋಗಿ ನಿಂತ. 'ಅಲ್ಲಿ ಏನ್ ಮಾಡ್ತೀಯೋ, ಬಾ ಇಲ್ಲಿ, ಈರುಳ್ಳಿ ಹೆಚ್ಚು' ಅಂತ ಕರೆದಳು ನಮ್ಮ ಅಡುಗೆಯವಳು. ಅವನು ಬಂದು ಹೆಚ್ಚತೊಡಗಿದ. ಒಂದೊಂದು ತುಂಡು ಒಂದೊಂದು ಗಾತ್ರ. ಪಕ್ಕದವಳು ಒಂದು ತುಂಡು ಎತ್ತಿ ಹಿಡಿದು, 'ಇದು ಹೆಚ್ಚಿದ್ದಾ, ಮುರಿದಿದ್ದಾ?' ಅಂದಳು. ನಾಲ್ವರೂ ಬಿದ್ದು ಬಿದ್ದು ನಕ್ಕರು. ಮೇಲಿನ ಫ್ರೇಮ್ ಕೂದಲೆಳೆಯಷ್ಟೂ ಅಲುಗಲಿಲ್ಲ.

ಎಡಿಟ್ ಮಾಡುವಾಗ ಆ ತುಂಡನ್ನು ಪೂರ್ತಿ ಇಟ್ಟೆವು. ನಗುವಿನ ಮೊದಲು ಒಂದು ಉಸಿರಿನಷ್ಟು ಮೌನ ಇರುತ್ತದೆ, ಅದನ್ನು ಕತ್ತರಿಸಿದರೆ ನಗು ಅಂಟಿಸಿದಂತೆ ಕೇಳಿಸುತ್ತದೆ. ಎದುರಿನ ಶಾಟಿನಲ್ಲಿ ಮುಖ, ಮಾತು ಮುಗಿಯುವ ಮುಂಚೆಯೇ ಮೇಲಿನ ಶಾಟಿಗೆ ಬಂದು ಕೈಯಲ್ಲಿದ್ದ ಈರುಳ್ಳಿ, ಮತ್ತೆ ಮುಖಗಳು. ಎಡ ಬಲ ಹೊಂದಿಕೊಂಡಿದ್ದರಿಂದ ಎಲ್ಲೂ ಎಡವಲಿಲ್ಲ.

ಇನ್ನು ಉಳಿದದ್ದು ಚಿಲ್ಲರೆ ಕೆಲಸ. ಫೋನ್ 4ಕೆ ತೆಗೆಯುತ್ತಾ ಒಲೆಯ ಬಿಸಿಯನ್ನೂ ತಡೆಯಬೇಕು, ಹಾಗಾಗಿ ಕವರ್ ತೆಗೆದು, ಶೂಟನ್ನು ಚಿಕ್ಕ ಚಿಕ್ಕ ಭಾಗ ಮಾಡಿ, ನಡುವೆ ಆರಲು ಬಿಡುತ್ತಿದ್ದೇವೆ. ಪ್ರತಿ ಭಾಗಕ್ಕೂ ಹೊಸ ಚಪ್ಪಾಳೆ. ಚಾರ್ಜರ್ ವೈರನ್ನು ಕಂಬದ ಉದ್ದಕ್ಕೂ ಟೇಪ್ ಹಾಕಿ ಇಳಿಸಿದ್ದೇವೆ, ಮೇಜಿನ ಮೇಲೆ ಹಾಯುವುದೇ ಇಲ್ಲ. ಹಲಗೆಗಳಿಗೆ ಚಕ್ರ ಹಾಕೋಣ ಅನ್ನುವ ಮಾತು ಬಂದಿತ್ತು, ನಾನು ಒಪ್ಪಲಿಲ್ಲ. ಲಾಕ್ ಇರುವ ಚಕ್ರಕ್ಕೂ ಸ್ವಲ್ಪ ಸಡಿಲ ಇದ್ದೇ ಇರುತ್ತದೆ. ಬದಲಿಗೆ ನೆಲದ ಮೇಲೆ ಹಲಗೆಯ ನಾಲ್ಕು ಮೂಲೆಗೆ, ಮೇಜಿನ ಕಾಲುಗಳಿಗೆ, ಟ್ರೈಪಾಡಿನ ಕಾಲುಗಳಿಗೆ ಬಣ್ಣಬಣ್ಣದ ಟೇಪಿನ ಗುರುತು ಮಾಡಿದ್ದೇವೆ. ಬಾಲ್ ಹೆಡ್ಡಿನ ಮೇಲೂ ಮಾರ್ಕರ್ ಗೆರೆ ಇದೆ. ಬಿಚ್ಚಿ ಗೋಡೆಗೆ ಒರಗಿಸಿಟ್ಟು, ಮತ್ತೆ ಬೇಕಾದಾಗ ಗುರುತಿಗೆ ಗುರುತು ಕೂಡಿಸಿ ನಿಲ್ಲಿಸಿದರೆ ಟ್ರೇ ಇಟ್ಟು ಒಮ್ಮೆ ನೋಡಿಕೊಂಡರೆ ಸಾಕು. ಮುಂದೆ ಮಾಡಬೇಕಿರುವುದು ಒಲೆ ಪಕ್ಕದ ಮೈಕಿಗೆ ಎಣ್ಣೆ ಸಿಡಿಯದ ಹಾಗೆ ಒಂದು ತಂತಿ ಬಲೆಯ ಮರೆ. ಜಾಲರಿ ತಂದಾಗಿದೆ, ಕತ್ತರಿಸಬೇಕು.